ಆರು ಓಟಿನ ಊರು, ಗುಟ್ಟಿಲ್ಲದ ಗುಪ್ತ ಮತದಾನ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದಿನ, ನಮಗಿಲ್ಲಿ ಬೆಳಗ್ಗೆ ಹತ್ತೂವರೆ ಹೊತ್ತಿಗೆ, ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದು ಬೀಳುತ್ತೆ. ಅಲ್ಲಿ ಆಗ ನಡುರಾತ್ರಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಿಕ್ಸ್‌ವಿಲ್ ನಾಚ್ ಅನ್ನೋ ಪುಟಾಣಿ ಊರಲ್ಲಿ ಇರೋ ಮತದಾರರೆಲ್ಲ ಒಂದೇ ಕೋಣೆಯಲ್ಲಿ ಸೇರಿ, ಗಂಟೆ ಹನ್ನೆರಡಾದ ಕೂಡಲೇ ಓಟು ಹಾಕಿ, ಅಲ್ಲೇ ಎಣಿಸಿ, ಫಲಿತಾಂಶ ಓದಿಬಿಡ್ತಾರೆ. ಪಟ್ಟಿಯಲ್ಲಿರೋ ಎಲ್ಲರೂ ಓಟು ಹಾಕಿದ್ರೆ ಬೂತ್ ಮುಚ್ಚಬಹುದು ಅಂತ ಆ ರಾಜ್ಯದ ಕಾನೂನಿದೆ. 1960ರಿಂದ ಇದು ನಡೆದು ಬಂದಿದೆ. ‘ಎಷ್ಟು ಕ್ಯೂಟ್ ಅಲ್ವಾ! ಪ್ರಜಾಪ್ರಭುತ್ವ ಅಂದ್ರೆ ಇದು’ ಅಂತ ಕೆಳಗೆ ಸಾಲುಸಾಲು ಹಾರ್ಟುಗಳು.

ನನಗಂತೂ ಕ್ಯೂಟ್ ಅನ್ನಿಸೋದಿಲ್ಲ.

ಮೊದಲು ಲೆಕ್ಕ ನೋಡಿ. 1960ರಲ್ಲಿ ನಿಕ್ಸನ್‌ಗೆ 9, ಕೆನಡಿಗೆ ಸೊನ್ನೆ. ದೇಶ ಗೆದ್ದಿದ್ದು ಕೆನಡಿ. 1968ರಲ್ಲಿ ಒಮ್ಮೆ ಡೆಮಾಕ್ರಟಿಕ್ ಪಕ್ಷಕ್ಕೆ ಒಲಿದಿದ್ದು ಬಿಟ್ಟರೆ 2004ರವರೆಗೂ ಅದು ರಿಪಬ್ಲಿಕನ್ನರ ಊರು. 2008ರಲ್ಲಿ ಒಬಾಮಾಗೆ 15, ಮೆಕೇನ್‌ಗೆ 6. 2012ರಲ್ಲಿ ಐದಕ್ಕೈದು ಸಮ. 2020ರಲ್ಲಿ ಬೈಡನ್‌ಗೆ 5, ಟ್ರಂಪ್‌ಗೆ ಸೊನ್ನೆ. 2024ರ ಜನವರಿಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಆಯ್ಕೆಗೆ ಆರಕ್ಕೆ ಆರೂ ಓಟು ನಿಕ್ಕಿ ಹೇಲಿಗೆ ಬಿದ್ದವು. ರಾಜ್ಯ ಗೆದ್ದಿದ್ದು ಟ್ರಂಪ್. ನವೆಂಬರಿನಲ್ಲಿ ಹ್ಯಾರಿಸ್‌ಗೆ 3, ಟ್ರಂಪ್‌ಗೆ 3. ಇದರಲ್ಲಿ ದೇಶದ ಭವಿಷ್ಯ ಹುಡುಕೋದಕ್ಕಿಂತ ಗಿಳಿಶಾಸ್ತ್ರ ವಾಸಿ.

ಭವಿಷ್ಯ ಸುಳ್ಳಾಗಲಿ ಬಿಡಿ. ನನ್ನ ತಕರಾರು ಬೇರೆ. ಐದು-ಸೊನ್ನೆ ಅಂದ್ರೆ ಏನರ್ಥ? ಐದೂ ಜನರ ಗುಟ್ಟು ಬಯಲು ಅಂತ. 2016ರಲ್ಲಿ ಕ್ಲಿಂಟನ್‌ಗೆ 4, ಟ್ರಂಪ್‌ಗೆ 2, ಜಾನ್ಸನ್‌ಗೆ 1, ಕಣದಲ್ಲೇ ಇಲ್ಲದ ರಾಮ್ನಿಯ ಹೆಸರು ಬರೆದವರು ಒಬ್ಬರು. ಎಂಟೇ ಜನರ ಊರಲ್ಲಿ ಆ ಒಬ್ಬರು ಯಾರು ಅಂತ ಅಕ್ಕಪಕ್ಕದವರಿಗೆ ಗೊತ್ತಾಗೋಕೆ ಎಷ್ಟು ಹೊತ್ತು ಬೇಕು?

ಇನ್ನೊಂದು ವಿಷಯ ವಿಡಿಯೋದಲ್ಲಿ ಕಾಣಲ್ಲ. ದಶಕಗಳ ಕಾಲ ಈ ಮತದಾನ ನಡೆದಿದ್ದು ಅಲ್ಲಿನ ಬಾಲ್ಸಮ್ಸ್ ಹೋಟೆಲಿನಲ್ಲಿ. ಮೊದಲ ಓಟು ಹೋಟೆಲಿನ ಮಾಲೀಕ ನೀಲ್ ಟಿಲಟ್ಸನ್ ಅವರದ್ದು. ಊರಿನ ಬದುಕು ಆ ಹೋಟೆಲಿಗೇ ಅಂಟಿಕೊಂಡಿತ್ತು. 2011ರಲ್ಲಿ ಅದು ಮುಚ್ಚಿದ ಮೇಲೆ ಮತದಾರರೂ ಕರಗಿದರು. ಅವರು ಯಾರ ಮೇಲಾದರೂ ಒತ್ತಡ ಹಾಕಿದರು ಅಂತ ನಾನು ಹೇಳ್ತಿಲ್ಲ. ಸಂಬಳ ಕೊಡೋ ಸಾಹುಕಾರ ಇರೋ ಕೋಣೆಯಲ್ಲೇ ಓಟು ಎಣಿಸಿ ಓದಿದರೆ ಒತ್ತಡ ಅಂತ ಬೇರೆ ಹಾಕಬೇಕಾಗಿಲ್ಲ, ಅಷ್ಟೇ.

ಇದು ನಮಗೆಲ್ಲ ಗೊತ್ತಿರೋ ಸಂಗತಿ. ಆಫೀಸಿನಲ್ಲಿ ‘ಅನಾನಿಮಸ್’ ಸರ್ವೆ ಬರುತ್ತಲ್ಲ, ನಾಲ್ಕೇ ಜನರ ಟೀಮಿನಲ್ಲಿ ಕೂತು ಮ್ಯಾನೇಜರ್ ಬಗ್ಗೆ ನಿಜ ಬರೀತೀರಾ? ಗುಂಪು ಚಿಕ್ಕದಾದಷ್ಟೂ ಹೆಸರು ಅಳಿಸಿದರೂ ಮುಖ ಕಾಣುತ್ತೆ. ಅದಕ್ಕೇ ಅಮೆರಿಕದ 2020ರ ಜನಗಣತಿಯವರು ಸಣ್ಣ ಊರುಗಳ ಅಂಕಿಗಳನ್ನು ಬೇಕಂತಲೇ ಸ್ವಲ್ಪ ಅತ್ತಿತ್ತ ಮಾಡಿ ಪ್ರಕಟಿಸಿದರು. ಜನಗಣತಿಗೆ ಇರೋ ಮರ್ಯಾದೆ ಓಟಿಗೆ ಬೇಡ್ವಾ?

ಇಲ್ಲೂ ಇದೇ ಕಥೆ, ಆದರೆ ಹಾರ್ಟು ಹಾಕೋರಿಲ್ಲ. ಮತಪತ್ರದ ಕಾಲದಲ್ಲಿ ಬೂತುಗಳ ಮತಪತ್ರ ಬೆರೆಸಿ ಎಣಿಸೋದಕ್ಕೆ ನಿಯಮದಲ್ಲೇ ಅವಕಾಶ ಇತ್ತು. ಇವಿಎಂ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕವೂ ಹೊರಗೆ. ನಮ್ಮೂರಲ್ಲಿ ಫಲಿತಾಂಶದ ಮರುದಿನವೇ ಪಂಚೆ ಎತ್ತಿ ಕಟ್ಟಿಕೊಂಡು ಬರೋರಿದ್ದಾರೆ: ‘ನಿಮ್ ಕೇರಿಯೋರು ನಮಗೆ ಹಾಕಿಲ್ಲ ಅಂತ ಗೊತ್ತು ಕಣ್ರೀ, ಚರಂಡಿ ಕೇಳೋಕೆ ಬರಬೇಡಿ.’ ಹಲವು ಬೂತುಗಳ ಓಟನ್ನು ಒಟ್ಟುಗೂಡಿಸಿ ಎಣಿಸೋ ‘ಟೋಟಲೈಸರ್’ ಯಂತ್ರ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಹೌದು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್‌ವಾರು ಲೆಕ್ಕ ಸಿಕ್ಕರೆ ಓಟು ಕಮ್ಮಿ ಬಿದ್ದ ಕಡೆ ಪಕ್ಷಗಳು ಹೆಚ್ಚು ಕೆಲಸ ಮಾಡ್ತಾವೆ ಅನ್ನೋ ವಾದವನ್ನೂ ಮುಂದಿಟ್ಟರು. ನಮ್ಮ ಚರಂಡಿ ನೋಡಿ ಹೋಗಲಿ ಅವರು!

ಬೂತ್‌ವಾರು ಲೆಕ್ಕ ಇದ್ದರೆ ಅಕ್ರಮ ಹಿಡಿಯೋದು ಸುಲಭ ಅಂತೀರಾ? ಒಪ್ಪುವ ಮಾತು. ಹಾಗಾದರೆ ಯಾವ ಬೂತಿನಲ್ಲಿ ಎಷ್ಟು ಓಟು ಬಿತ್ತು ಅನ್ನೋದನ್ನು ಬೂತ್‌ವಾರೇ ಪ್ರಕಟಿಸಿ. ಯಾರಿಗೆ ಬಿತ್ತು ಅನ್ನೋದನ್ನು ಮಾತ್ರ ಬೆರೆಸಿ ಹೇಳಿ.

ಅಪಾರ್ಟ್‌ಮೆಂಟಿನಲ್ಲಿ ಇರೋ ನಿಮಗೆ ಈ ಗುಟ್ಟಿನ ಬೆಲೆ ತಿಳಿಯೋದು ಕಷ್ಟ. ನೀವು ಯಾರಿಗೆ ಹಾಕಿದ್ರಿ ಅಂತ ತಿಳಿದರೂ ಕಾವೇರಿ ನೀರು ನಿಲ್ಲಲ್ಲ, ಸಂಬಳ ತಪ್ಪಲ್ಲ. ಕೂಲಿ, ಸಾಲ, ಮನೆ ಮಂಜೂರು, ಎಲ್ಲಕ್ಕೂ ಒಬ್ಬನದೇ ಬಾಗಿಲು ತಟ್ಟಬೇಕಾದವರಿಗೆ ಆ ಪರದೆ ಒಂದೇ ರಕ್ಷಣೆ. ಮುಂದಿನ ಸಲ ಆ ವಿಡಿಯೋ ಬಂದಾಗ ಹಾರ್ಟ್ ಒತ್ತೋ ಮೊದಲು ಕೇಳಿ: ಆ ಕೋಣೆಯಲ್ಲಿ ಒಬ್ಬರೇ ಬೇರೆಯವರಿಗೆ ಹಾಕಬೇಕಾಗಿದ್ದರೆ, ನಿಮಗೆ ಧೈರ್ಯ ಇರ್ತಿತ್ತಾ?