ಡಿಸ್ಕ್ ಹಾಕೋ ಮುಂಚೆ ಡ್ರಮ್ ಬಿಚ್ಚಿ ನೋಡಿ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ನಮ್ಮ ಎಡಿಟರ್ ಅಕ್ಕನನ್ನ ಕೇಳಿ. ವಿಷಯ ಮಾತ್ರ ಕೈಗೆ ಗ್ರೀಸ್ ಹಚ್ಚಿಕೊಂಡು ಕಲಿತಿದ್ದು. ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಡ್ರಮ್ ಬ್ರೇಕ್.

ನಮ್ಮ ನೋಟ್ಸಿನಲ್ಲಿ ಡ್ರಮ್ ಬ್ರೇಕ್ ಅಂದ್ರೆ ಒಂದು ಟೇಬಲ್. ಎಡಗಡೆ ಡ್ರಮ್, ಬಲಗಡೆ ಡಿಸ್ಕ್. ಎಡಗಡೆ ಎಲ್ಲ ಕೆಟ್ಟದ್ದು, ಬಲಗಡೆ ಎಲ್ಲ ಒಳ್ಳೇದು, ಐದು ಮಾರ್ಕು. ಕಳೆದ ವರ್ಷ ರಜೆಯಲ್ಲಿ ಇಂಗ್ಲೆಂಡಿನಲ್ಲಿರೋ ಸೋದರಮಾವನ ಮನೆಗೆ ಹೋಗೋವರೆಗೂ ನಾನೂ ಅದನ್ನೇ ನಂಬಿದ್ದೆ.

ಮಾವ ಆಕ್ಸ್‌ಫರ್ಡ್ ಹತ್ತಿರ ಡಾಕ್ಟರ್. ಎಂಜಿ ಕಾರುಗಳು ತಯಾರಾಗ್ತಿದ್ದ ಆಬಿಂಗ್ಡನ್ ಅಲ್ಲಿಂದ ದೂರ ಇಲ್ಲ. ಫ್ಯಾಕ್ಟರಿ 1980ರಲ್ಲೇ ಮುಚ್ಚಿತು. ಆದರೆ ಆ ಕಡೆ ಎಷ್ಟೋ ಜನರ ಮನೆಯಲ್ಲಿ ಹಳೇ ಎಂಜಿ ಇನ್ನೂ ಇದೆ. ಮಾವನೂ 1956ರ ಒಂದು ಎಂಜಿಎ ತಗೊಂಡಿದ್ರು. ನಾಲ್ಕೂ ಚಕ್ರಕ್ಕೆ 10 ಇಂಚಿನ ಲಾಕ್‌ಹೀಡ್ ಡ್ರಮ್. ನಾನು ಹೋದ ಎರಡನೇ ದಿನ ಹಳ್ಳಿ ರಸ್ತೆಯಲ್ಲಿ ಮಾವ ಬ್ರೇಕ್ ಒತ್ತಿದಾಗ ಕಾರು ತಾನಾಗೇ ಎಡಕ್ಕೆ ಎಳೀತು. ಅಲ್ಲೂ ನಮ್ಮ ಹಾಗೆ ಎಡಗಡೆ ಡ್ರೈವಿಂಗ್. ಎಡಗಡೆ ಅಂಚಿನಲ್ಲಿ ಒಬ್ಬಳು ಹುಡುಗಿ ಸೈಕಲ್ ಹೊಡ್ಕೊಂಡು ಹೋಗ್ತಿದ್ಲು. ಮಾವ ಸ್ಟೇರಿಂಗ್ ಬಲಕ್ಕೆ ಎಳೆದು ಹೇಗೋ ತಪ್ಪಿಸಿದ್ರು. ಅವಳಿಗೆ ಅದು ಗೊತ್ತೂ ಆಗಲಿಲ್ಲ. ನಮಗೆ ಮಾತ್ರ ಮನೆ ಸೇರೋವರೆಗೂ ಬಾಯಿಂದ ಮಾತು ಹೊರಡಲಿಲ್ಲ.

ಅವತ್ತು ರಾತ್ರಿಯೇ ಮಾವ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕೋ ಕಿಟ್ ಆರ್ಡರ್ ಮಾಡಿದ್ರು. "ಡ್ರಮ್ ಸಹವಾಸವೇ ಬೇಡ ಕಣೋ" ಅಂದ್ರು. ನಾನೂ ಟೇಬಲ್ ನೆನಪು ಮಾಡ್ಕೊಂಡು ಹೌದು ಮಾವ ಅಂದೆ. ಪಕ್ಕದ ಮನೆಯಲ್ಲಿ ರಿಟೈರ್ ಆದ ಮೆಕ್ಯಾನಿಕ್ ಅಜ್ಜ ಒಬ್ಬರಿದ್ರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಈಗಿರೋ ಬ್ರೇಕನ್ನ ಯಾವಾಗ ಬಿಚ್ಚಿ ನೋಡಿದ್ರಿ? ಮಾವ ನೋಡೇ ಇರಲಿಲ್ಲ.

ನನ್ನ ವಾದ ಇಲ್ಲಿಂದಲೇ ಶುರು. ಹಳೇ ಕಾರಿನ ಡ್ರಮ್ ಬ್ರೇಕ್ ಕೆಟ್ಟದ್ದು ಅಂತ ಬೈಯೋರಲ್ಲಿ ಹೆಚ್ಚಿನವರು ಬೈತಿರೋದು ಕೆಟ್ಟು ನಿಂತ ಡ್ರಮ್ ಬ್ರೇಕನ್ನ. ಸರಿಯಾಗಿ ಕೆಲಸ ಮಾಡೋ ಡ್ರಮ್ ಬ್ರೇಕನ್ನ ಅವರು ಒತ್ತಿ ನೋಡೇ ಇರಲ್ಲ.

ಡ್ರಮ್ ಬಿಚ್ಚೋದು ಕಷ್ಟ ಅಲ್ಲ. ಜ್ಯಾಕ್ ಹಾಕಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜ್ಯಾಕ್ ನಂಬಿ ಕೆಳಗೆ ಕೂರಬೇಡಿ), ಚಕ್ರ ತೆಗೆದು, ಅಡ್ಜಸ್ಟರ್ ಸಡಿಲ ಮಾಡಿ, ಎರಡು ಸ್ಕ್ರೂ ತೆಗೆದ್ರೆ ಡ್ರಮ್ ಕೈಗೆ ಬರುತ್ತೆ. ಬರಲಿಲ್ಲ ಅಂದ್ರೆ ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆತ್ತಗೆ ತಟ್ಟಬೇಕು. ಒಳಗಿನ ಕಪ್ಪು ಧೂಳನ್ನ ನಾನು ಬಾಯಿಂದ ಊದೋಕೆ ಹೋದೆ. ಅಜ್ಜ ಭುಜ ಹಿಡಿದು ಹಿಂದಕ್ಕೆ ಎಳೆದ್ರು. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ ಬಿಳಿ ಆಸ್ಬೆಸ್ಟಾಸನ್ನೂ ನಿಷೇಧಿಸಿದ್ದು 1999ರಲ್ಲಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿನಲ್ಲಿ ಯಾವ ಕಾಲದ ಲೈನಿಂಗ್ ಇದೆ ಅಂತ ಯಾರು ಹೇಳ್ತಾರೆ? ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಏರ್ ಹೊಡೀಲೇಬಾರದು.

ಬಲ ಮುಂದಿನ ಚಕ್ರದಲ್ಲೇ ಉತ್ತರ ಇತ್ತು. ಎಂಜಿಎ ಮುಂದಿನ ಚಕ್ರದಲ್ಲಿ ಎರಡು ಶೂ, ಒಂದೊಂದಕ್ಕೂ ಒಂದೊಂದು ವೀಲ್ ಸಿಲಿಂಡರ್. ಒಂದರ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇನ್ನೊಂದರ ರಬ್ಬರ್ ಸೀಲ್ ಸೋರಿ ಲೈನಿಂಗ್ ಪೂರ್ತಿ ನೆನೆದಿತ್ತು. ಅಂದ್ರೆ ಬಲ ಮುಂದಿನ ಚಕ್ರ ಬ್ರೇಕೇ ಹಿಡೀತಿರಲಿಲ್ಲ. ಎಡಗಡೆದು ಮಾತ್ರ ಹಿಡೀತಿತ್ತು, ಅದಕ್ಕೇ ಕಾರು ಎಡಕ್ಕೆ ಹೋಯ್ತು. ಇದು ಡ್ರಮ್ಮಿನ ತಪ್ಪಾ? ಕ್ಯಾಲಿಪರ್ ಪಿಸ್ಟನ್ನಿಗೂ ತುಕ್ಕು ಹಿಡಿಯುತ್ತೆ. ಡಿಸ್ಕ್ ಹಾಕಿ ಮತ್ತೆ ಹತ್ತು ವರ್ಷ ನೋಡದೇ ಬಿಟ್ರೆ ಅದೇ ರಸ್ತೆಯಲ್ಲಿ ಅದೇ ಕಥೆ.

ತುಕ್ಕಿಗೆ ಕಾರಣ ನಾವು ಬ್ರೇಕ್ ಆಯಿಲ್ ಅಂತ ಕರೆಯೋ ದ್ರವ. ಹೆಸರಿಗೆ ಆಯಿಲ್, ಆದ್ರೆ ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯದ್ದು. ನಿಜವಾದ ಎಂಜಿನ್ ಆಯಿಲ್ ಸುರಿದ್ರೆ ಸೀಲುಗಳು ಊದಿಕೊಂಡು ಹಾಳಾಗುತ್ತವೆ. ಈ ದ್ರವ ಗಾಳಿಯಲ್ಲಿರೋ ತೇವಾಂಶ ಹೀರಿಕೊಳ್ಳುತ್ತೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಸ್ಟ್ಯಾಂಡರ್ಡ್. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಅದೇ ನೀರು ಸಿಲಿಂಡರಿನ ತಳದಲ್ಲಿ ಕೂತು ತೂತು ತೂತಾಗಿ ತುಕ್ಕು ಮಾಡುತ್ತೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸೋದು ಒಳ್ಳೇದು. ಸಿಲಿಂಡರ್ ಒಳಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಇದ್ರೆ ಬರೀ ಹೊಸ ಸೀಲ್ ಹಾಕಿ ಮುಚ್ಚಬಾರದು, ಸಿಲಿಂಡರನ್ನೇ ಬದಲಾಯಿಸಬೇಕು. ಮಾವ ಇಲ್ಲಿ ಸ್ವಲ್ಪ ಕಂಜೂಸ್ ಮಾಡೋಕೆ ನೋಡಿದ್ರು. ಅತ್ತೆ ಬಾಗಿಲಲ್ಲಿ ನಿಂತು ಸೈಕಲ್ ಹುಡುಗಿಯನ್ನ ನೆನಪಿಸಿದ್ರು. ನಾಲ್ಕೂ ಮುಂದಿನ ಸಿಲಿಂಡರ್ ಹೊಸದು ಬಂತು.

ಶೂ ಬಿಚ್ಚುವಾಗ ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಬೇಕು. ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಮರೆತ್ರೆ ಇನ್ನೊಂದು ಕಡೆ ನೋಡಬಹುದು. ಫೋಟೋ ತೆಗೆದಿದ್ದೀನಿ ಅಂತ ಧೈರ್ಯ ಮಾಡಿದೆ, ಫೋಟೋದಲ್ಲಿ ನನ್ನ ಹೆಬ್ಬೆರಳೇ ಕಾಣ್ತಿತ್ತು. ಇನ್ನು ಲೈನಿಂಗ್ ಒಂದು ಕಡೆ ಹಾಳಾಗಿದ್ರೂ ಎರಡೂ ಕಡೆ ಬದಲಾಯಿಸಬೇಕು, ಇಲ್ಲಾಂದ್ರೆ ಮತ್ತೆ ಎಳೆತ.

ಜನ ಮೋಸ ಹೋಗೋ ಇನ್ನೊಂದು ಜಾಗ ಇದೆ. ಹೊಸ ಲೈನಿಂಗಿನ ಬಾಗು, ಸವೆದ ಡ್ರಮ್ಮಿನ ಬಾಗು ಒಂದೇ ಇರಲ್ಲ. ಮಧ್ಯದಲ್ಲಿ ಒಂದು ಪಟ್ಟಿಯಷ್ಟೇ ತಾಗುತ್ತೆ, ಉಳಿದದ್ದು ಸುಮ್ಮನೆ ನಿಂತಿರುತ್ತೆ. ಅಜ್ಜ ಲೈನಿಂಗ್ ಮೇಲೆ ಸೀಮೆಸುಣ್ಣ ಹಚ್ಚಿ, ಡ್ರಮ್ ಹಾಕಿ ತಿರುಗಿಸಿ, ಎಲ್ಲಿ ಅಳಿಸಿದೆ ಅಂತ ತೋರಿಸಿದ್ರು. ಎರಡು ಬೆರಳು ಅಗಲ ಅಷ್ಟೇ! ಡ್ರಮ್ಮಿನ ಅಳತೆಗೆ ಸರಿಯಾಗಿ ಲೈನಿಂಗ್ ಉಜ್ಜಿಸಬೇಕು, ಇಲ್ಲಾ ನಿಧಾನವಾಗಿ ಓಡಿಸಿ ಕೂರಲು ಬಿಡಬೇಕು. ಹೊಸ ಶೂ ಹಾಕಿದ ಮರುದಿನವೇ "ಹೊಸದು ಹಾಕಿದ್ರೂ ಹಿಡಿಯಲ್ಲ" ಅಂತ ಡ್ರಮ್ಮಿಗೆ ಬೈಯೋರು ಈ ಕೆಲಸ ಬಿಟ್ಟಿರ್ತಾರೆ.

ಇನ್ನು ಅಡ್ಜಸ್ಟ್‌ಮೆಂಟ್. ಮಾವನ ಪೆಡಲ್ ಒಂದು ಸಲ ಒತ್ತಿದ್ರೆ ಪಾತಾಳಕ್ಕೆ, ಎರಡನೇ ಸಲ ಒತ್ತಿದ್ರೆ ಮೇಲೆ. ಶೂ ಮತ್ತು ಡ್ರಮ್ ನಡುವೆ ಗ್ಯಾಪ್ ಜಾಸ್ತಿ ಆಗಿದೆ ಅಂತ ಅದರರ್ಥ. ಎಂಜಿಎಯಲ್ಲಿ ತಾನಾಗೇ ಸರಿಹೊಂದೋ ವ್ಯವಸ್ಥೆ ಇಲ್ಲ. ಮುಂದಿನ ಚಕ್ರಕ್ಕೆ ಎರಡೆರಡು, ಹಿಂದಿನದಕ್ಕೆ ಒಂದೊಂದು, ಒಟ್ಟು ಆರು ಅಡ್ಜಸ್ಟರ್. ಸ್ಕ್ರೂಡ್ರೈವರಿನಲ್ಲಿ ಚಕ್ರ ಲಾಕ್ ಆಗೋವರೆಗೆ ತಿರುಗಿಸಿ, ಒಂದು ಕ್ಲಿಕ್ ಹಿಂದೆ ಬಿಟ್ರೆ ಮುಗೀತು. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಕೇಬಲ್ ಆಮೇಲೆ ನೋಡ್ಕೋಬೇಕು. ಅರ್ಧ ಗಂಟೆ ಕೆಲಸ. ಈ ಅರ್ಧ ಗಂಟೆ ಉಳಿಸೋಕೆ ಜನ ದೊಡ್ಡ ದುಡ್ಡು ಕೊಟ್ಟು ಕಿಟ್ ತರಿಸ್ತಾರೆ ಅಂತ ನಂಗೆ ಅನ್ಸುತ್ತೆ.

ಈಗ ಎದುರು ವಾದ. ಡಿಸ್ಕ್ ಮೇಲಲ್ವಾ? ಮೇಲೇ. ಸುಳ್ಳು ಹೇಳಲ್ಲ. ಜಾಗ್ವಾರ್ ಎಕ್ಸ್‌ಕೆ120 ಡ್ರಮ್‌ಗಳು ಬಿಸಿಯಾಗಿ ಹಿಡಿತ ಕಳ್ಕೊಳ್ಳುತ್ತವೆ ಅಂತ ಆ ಕಾಲದಲ್ಲೇ ದೂರಿತ್ತು. 1953ರಲ್ಲಿ ಡಿಸ್ಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ಗೆದ್ದಿತು. 1956ರಲ್ಲಿ ಟ್ರಯಂಫ್ ಟಿಆರ್3 ಮುಂದಿನ ಡಿಸ್ಕ್ ಜೊತೆಗೇ ಬಂತು, 1959ರಲ್ಲಿ ಎಂಜಿಎ 1600 ಕೂಡ. ಇಬ್ಬರು ಕೂತ ಎಂಜಿಎ ಸುಮಾರು ಒಂದು ಟನ್ ಅಂತ ಇಟ್ಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸೋಕೆ ಸುಮಾರು 385 ಕಿಲೋಜೂಲ್ ಶಾಖ. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ತಣ್ಣೀರು ಕುದಿಸುವಷ್ಟು. ಬಿಸಿಯಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಡಿಸ್ಕ್ ಹಿಗ್ಗಿದ್ರೆ ಪ್ಯಾಡ್ ಹತ್ತಿರಕ್ಕೇ ಬರುತ್ತೆ. ರೇಸಿಗೆ ಹೋಗೋರು, ಆಲ್ಪ್ಸ್ ಇಳಿಯೋರು ಡಿಸ್ಕ್ ಹಾಕಲಿ, ನನ್ನ ತಕರಾರಿಲ್ಲ. ಆದರೆ 50 ಕಿ.ಮೀ.ಗೆ ಆ ಶಾಖ ಕಾಲು ಭಾಗಕ್ಕೆ ಇಳಿಯುತ್ತೆ. ಭಾನುವಾರ ಹಳ್ಳಿ ರಸ್ತೆಯಲ್ಲಿ ಅತ್ತೆಯನ್ನ ಕರ್ಕೊಂಡು ಟೀ ಕುಡಿಯೋಕೆ ಹೋಗೋ ಕಾರಿನ ಸಮಸ್ಯೆ ಶಾಖ ಅಲ್ಲ.

ಡಿಸ್ಕ್ ಹಾಕಿದ್ರೆ ಕಳ್ಕೊಳ್ಳೋದೂ ಇದೆ. ಮುಂದಿನ ಎರಡೂ ಶೂಗಳನ್ನ ತಿರುಗೋ ಡ್ರಮ್ ತನ್ನ ಕಡೆ ಎಳೆದುಕೊಳ್ಳುತ್ತೆ, ಹಾಗಾಗಿ ಬೂಸ್ಟರ್ ಇಲ್ಲದೆಯೂ ಪೆಡಲ್ ಹಗುರ. ಡಿಸ್ಕಿಗೆ ಆ ಸಹಾಯ ಇಲ್ಲ, ಕಾಲು ಜೋರಾಗಿ ಒತ್ತಬೇಕು. ಇನ್ನೊಂದು, ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಲೈನಿನ ಪ್ರೆಶರ್ ಸ್ವಲ್ಪ ಉಳಿಸೋ ಸಣ್ಣ ವಾಲ್ವ್ ಇರುತ್ತೆ. ಅದನ್ನ ನೋಡದೇ ಡಿಸ್ಕ್ ಜೋಡಿಸಿದ್ರೆ ಪ್ಯಾಡ್ ಉಜ್ಜುತ್ತಲೇ ಇರುತ್ತೆ. ಒಂದು ಪಾರ್ಟ್ ಬದಲಾಯಿಸಿದೆ ಅಂದ್ಕೊಂಡ್ರೆ ಇಡೀ ಸಿಸ್ಟಮ್ಮೇ ಬದಲಾಗಿರುತ್ತೆ.

ನಂಗೆ ನಿಜವಾಗಿ ಹೆದರಿಕೆ ಆಗೋದು ಬೇರೆ ವಿಷಯಕ್ಕೆ. ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಎಲ್ಲಾದ್ರೂ ಒಂದು ಕಡೆ ಪೂರ್ತಿ ಸೋರಿದ್ರೆ ನಾಲ್ಕೂ ಹೋಯ್ತು, ಉಳಿಯೋದು ಹ್ಯಾಂಡ್‌ಬ್ರೇಕ್. ಚಕ್ರಕ್ಕೆ ಡಿಸ್ಕ್ ಹಾಕಿದ ಮಾತ್ರಕ್ಕೆ ಇದು ಬದಲಾಗಲ್ಲ. ಇದರ ಮೇಲೆ 2018ರ ಮೇ ತಿಂಗಳಿಂದ ಬ್ರಿಟನ್‌ನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರುಗಳಿಗೆ ಎಂಒಟಿ ಅನ್ನೋ ವಾರ್ಷಿಕ ಪರೀಕ್ಷೆ ಕಡ್ಡಾಯ ಅಲ್ಲ. ಕಾರು ಸುಸ್ಥಿತಿಯಲ್ಲಿರಬೇಕು ಅನ್ನೋ ಕಾನೂನು ಇದೆ, ಆದ್ರೆ ನೋಡೋರು ಯಾರು? ಹಳೇ ಕಾರು ಇಟ್ಟವರು ಪ್ರೀತಿಯಿಂದ ನೋಡ್ಕೊಳ್ತಾರೆ ಅನ್ನೋ ನಂಬಿಕೆ. ಮಾವನಿಗೂ ಆ ಕಾರಿನ ಮೇಲೆ ಬೇಕಾದಷ್ಟು ಪ್ರೀತಿ ಇತ್ತು, ವಾರಕ್ಕೊಮ್ಮೆ ಪಾಲಿಶ್ ಹಾಕ್ತಿದ್ರು. ಈ ವಿನಾಯಿತಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಕನಿಷ್ಠ ಬ್ರೇಕ್ ಪರೀಕ್ಷೆಯಾದ್ರೂ ಇರಬೇಕಿತ್ತು.

ಕೊನೇ ದಿನ ಬ್ಲೀಡಿಂಗ್. ಮಾವ ಒಳಗೆ, ನಾನು ಚಕ್ರದ ಹತ್ತಿರ ನಿಪ್ಪಲ್ಲಿಗೆ ಪೈಪ್ ಸಿಕ್ಕಿಸಿ. "ಒತ್ತಿ ಮಾವ." ನಿಪ್ಪಲ್ ಸಡಿಲ, ಗುಳ್ಳೆ, ನಿಪ್ಪಲ್ ಬಿಗಿ. "ಬಿಡಿ ಮಾವ." ಒಮ್ಮೆ ನಾನು ಬಿಗಿ ಮಾಡೋ ಮುಂಚೆಯೇ ಬಿಟ್ಟುಬಿಟ್ರು, ಗಾಳಿ ಒಳಗೆ ಹೋಯ್ತು, ಆ ಚಕ್ರ ಮತ್ತೆ ಮೊದಲಿಂದ. ಬಾನೆಟ್ ಪಕ್ಕ ಚೆಲ್ಲಿದ ನಾಲ್ಕು ಹನಿಯನ್ನ ತಕ್ಷಣ ತೊಳೀದೇ ಇದ್ದಿದ್ದಕ್ಕೆ ಪೇಂಟ್ ಎದ್ದು ಬಂತು. ಅದಕ್ಕೆ ಬೈಸ್ಕೊಂಡಿದ್ದು ನಾನೇ.

ಖಾಲಿ ರಸ್ತೆಯಲ್ಲಿ ಮಾವ ಸ್ಟೇರಿಂಗ್ ಸಡಿಲವಾಗಿ ಹಿಡಿದು ಬ್ರೇಕ್ ಒತ್ತಿದ್ರು. ಕಾರು ನೇರವಾಗಿ ನಿಂತಿತು. ಕಡ್ಡಾಯ ಅಲ್ಲದಿದ್ರೂ ಎಂಒಟಿಗೆ ಬುಕ್ ಮಾಡಿದ್ದಾರೆ. ಡಿಸ್ಕ್ ಕಿಟ್ ಬಂದಿದೆ, ಡಬ್ಬ ಒಡೆದಿಲ್ಲ, ಸದ್ಯಕ್ಕೆ ಗ್ಯಾರೇಜಿನಲ್ಲಿ ಅಜ್ಜ ಕೂರೋದು ಅದರ ಮೇಲೇ.