ಅರ್ಧ ಮರವನ್ನು ವಂಶವೃಕ್ಷವೆನ್ನಬಹುದೇ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಾರವಾರ–ಅಂಕೋಲೆಗಳ ಕಡೆ ಕುಟುಂಬ ಸಮ್ಮೇಳನಗಳ ಭರಾಟೆ ಹೆಚ್ಚಾಗಿದೆ. ಒಂದೇ ಅಡ್ಡಹೆಸರಿನ, ಒಂದೇ ಕುಲದೇವರಿಗೆ ನಡೆದುಕೊಳ್ಳುವ ಮನೆತನದವರು ಸಂಘ ಕಟ್ಟಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಮೂಲಮನೆಯಲ್ಲೋ ದೇವಸ್ಥಾನದ ಸಭಾಭವನದಲ್ಲೋ ಸೇರುತ್ತಾರೆ. ಸತ್ಯನಾರಾಯಣ ಪೂಜೆ, ಊಟ, ಲೆಕ್ಕಪತ್ರದ ಮಂಡನೆ, ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ, ಹಿರಿಯರಿಗೆ ಶಾಲು–ಫಲತಾಂಬೂಲ, ಹುಟ್ಟು–ಮುಂಜಿ–ಮದುವೆ–ಮರಣಗಳ ಸುದ್ದಿ ಹೊತ್ತ ಒಂದು ವಾರ್ತಾಪತ್ರ. ಇವೆಲ್ಲಕ್ಕೂ ಕಲಶವಿಟ್ಟಂತೆ ವಂಶಾವಳಿಯ ಪುಸ್ತಕ.

ಇಂಥ ಕೂಟಗಳನ್ನು ನಾನು ಹಳಿಯುವವಳಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. 1560ರಲ್ಲಿ ಅಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಶನ್ ಕೊನೆಗೊಂಡದ್ದು 1812ರಲ್ಲಿ. ಆ ಕಾಲದಲ್ಲಿ ಊರು ತೊರೆದು ಕಾಳಿ ನದಿಯ ಈಚೆಗೆ ಬಂದು ನೆಲೆಸಿದ ಮನೆತನಗಳು ನಮ್ಮಲ್ಲಿ ಎಷ್ಟೋ ಇವೆ. ನಮ್ಮ ಕಣ್ಣೆದುರೇ ಇನ್ನೊಂದು ವಲಸೆ ನಡೆಯಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ಅರಗಾದ ಬಳಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ನಡುವೆ ಕಡಲಂಚಿನ ಹಳ್ಳಿಗಳ ಸಾವಿರಾರು ಜನ ತಮ್ಮ ಮನೆ, ಗದ್ದೆ, ತೆಂಗಿನ ತೋಟಗಳನ್ನು ಬಿಟ್ಟು ಚದುರಿಹೋದರು. ಮನೆಯೇ ಇಲ್ಲದಾದಾಗ ಮನೆತನವನ್ನು ಉಳಿಸಿಕೊಳ್ಳಲು ಕಾಗದವೊಂದೇ ಆಸರೆ. ಆದ್ದರಿಂದ ವಂಶಾವಳಿ ಬೇಕು. ನನ್ನ ತಕರಾರು, ಅದು ಪೂರ್ಣವಾಗಿರಬೇಕು ಎಂಬುದು.

ಈಗ ಅಚ್ಚಾಗುತ್ತಿರುವ ಪುಸ್ತಕಗಳನ್ನು ತೆರೆದು ನೋಡಿ. ಮೂಲಪುರುಷ, ಅವನ ಮೂವರು ಪುತ್ರರು, ಅವರ ಪುತ್ರರು. ಹೆಣ್ಣುಮಕ್ಕಳಿದ್ದ ಜಾಗದಲ್ಲಿ ‘ಎರಡು ಹೆಣ್ಣು’ ಎಂಬ ಸಂಖ್ಯೆ. ಹಲವೆಡೆ ಅದೂ ಇಲ್ಲ. ನನ್ನದೇ ಉದಾಹರಣೆ ಕೊಡುತ್ತೇನೆ. ತವರಿನ ವಂಶಾವಳಿಯಲ್ಲಿ ನನ್ನ ಅಣ್ಣ–ತಮ್ಮಂದಿರಿದ್ದಾರೆ, ನಾನಿಲ್ಲ. ಗಂಡನ ಮನೆಯ ವಂಶಾವಳಿಯಲ್ಲಿ ಯಜಮಾನರ ಹೆಸರಿನ ಕೆಳಗೆ, ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದಿಟ್ಟ ಹೊಸ ಹೆಸರಿನಿಂದ ನಾನು ಇದ್ದೇನೆ. ನನ್ನ ಬಿ.ಎಡ್. ಪ್ರಮಾಣಪತ್ರದಲ್ಲಿರುವ ಹೆಸರಿನ ಹೆಂಗಸು ಈ ಎರಡು ಪುಸ್ತಕಗಳ ಪ್ರಕಾರ ಹುಟ್ಟಿಯೇ ಇಲ್ಲ!

ನಮ್ಮ ಜಿಲ್ಲೆಯಲ್ಲಿ ಈ ಅಳಿಸುವಿಕೆಗೆ ಇನ್ನೊಂದು ಸೌಕರ್ಯವೂ ಇದೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡವು 1956ರವರೆಗೂ ಮುಂಬಯಿಯ ಆಡಳಿತದಲ್ಲಿತ್ತು. ಹೆಸರು ಬರೆಯುವ ಕ್ರಮವೂ ಆ ಕಡೆಯದೇ: ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಹೆಣ್ಣಿಗೆ ಮದುವೆಯಾದೊಡನೆ ನಡುವಿನದೂ ಕೊನೆಯದೂ ಬದಲಾಗುತ್ತವೆ. ಹಲವು ಮನೆಗಳಲ್ಲಿ ಮೊದಲಿನದೂ ಬದಲಾಗುತ್ತದೆ. ಮೂರೂ ಹೋದ ಮೇಲೆ ಗುರುತು ಹಿಡಿಯುವುದು ಹೇಗೆ? ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಾಗ ಅವಳ ಈಗಿನ ಹೆಸರಿನಿಂದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವಳನ್ನು ಹುಡುಕುವುದು ಅಸಾಧ್ಯವೆಂಬುದು ಶಿಕ್ಷಕರಾಗಿದ್ದವರಿಗೆಲ್ಲ ಗೊತ್ತು.

ಸ್ವಲ್ಪ ಗಣಿತ ಮಾಡೋಣ. ಪ್ರತಿಯೊಬ್ಬರಿಗೂ ತಂದೆ–ತಾಯಿ ಇಬ್ಬರು, ಅಜ್ಜ–ಅಜ್ಜಿಯರು ನಾಲ್ವರು, ಮುತ್ತಜ್ಜ–ಮುತ್ತಜ್ಜಿಯರು ಎಂಟು ಜನ. ಹೀಗೆ ಹತ್ತನೆಯ ತಲೆಮಾರಿಗೆ ಹೋದರೆ ಪೂರ್ವಜರ ಸಂಖ್ಯೆ 1,024. ಹತ್ತೂ ತಲೆಮಾರುಗಳನ್ನು ಕೂಡಿಸಿದರೆ 2,046. ಸೋದರಿಕೆಯ ಮದುವೆಗಳಿಂದ ಒಬ್ಬರೇ ಎರಡು ಕಡೆ ಬರುವುದುಂಟು, ಸಂಖ್ಯೆ ಕೆಲಮಟ್ಟಿಗೆ ಇಳಿಯಬಹುದು. ಆದರೂ ನಮ್ಮ ವಂಶಾವಳಿ ತೋರಿಸುವುದು ತಲೆಮಾರಿಗೊಬ್ಬ ಗಂಡಸಿನಂತೆ ಹತ್ತೇ ಹತ್ತು ಜನರನ್ನು! ಕಾಳಿ ನದಿಯನ್ನು ಬಣ್ಣಿಸುವವರು ಪಾಂಡರಿಯನ್ನೂ ತಟ್ಟಿಹಳ್ಳವನ್ನೂ ಬಿಟ್ಟು ಡಿಗ್ಗಿಯ ಒಂದು ಒರತೆಯೇ ಸದಾಶಿವಗಡದ ಕಡಲಿಗೆ ಬಂದು ಸೇರಿತೆಂದರೆ ನಾವು ಒಪ್ಪುತ್ತೇವೆಯೆ?

ಸಂಘದ ಹಿರಿಯರು ಕೊಡುವ ಸಮಾಧಾನಗಳು ಮೂರು. ಮೊದಲನೆಯದು: ‘ಮದುವೆಯಾದ ಹೆಣ್ಣಿನ ಗೋತ್ರ ಬದಲಾಗುತ್ತದೆ, ಶಾಸ್ತ್ರ ಹಾಗಿದೆ.’ ಶಾಸ್ತ್ರದ ಮಾತೆತ್ತಿದವರು ಬೃಹದಾರಣ್ಯಕ ಉಪನಿಷತ್ತಿನ ಕೊನೆಯಲ್ಲಿರುವ ವಂಶಬ್ರಾಹ್ಮಣವನ್ನು ಒಮ್ಮೆ ನೋಡಬೇಕು. ಅಲ್ಲಿರುವುದು ಗುರುಪರಂಪರೆಯ ಪಟ್ಟಿ. ಪೌತಿಮಾಷೀಪುತ್ರ, ಕಾತ್ಯಾಯನೀಪುತ್ರ, ಗೌತಮೀಪುತ್ರ, ಭಾರದ್ವಾಜೀಪುತ್ರ ಎಂದು ಆಚಾರ್ಯರಿಗೆ ಅಲ್ಲಿ ತಾಯಂದಿರಿಂದಲೇ ಗುರುತು. ಛಾಂದೋಗ್ಯದ ಸತ್ಯಕಾಮನು ಗುರುವಿನ ಮುಂದೆ ನಿಂತದ್ದು ತಾಯಿ ಜಬಾಲೆಯ ಹೆಸರು ಹೇಳಿಕೊಂಡು. ಇನ್ನು ನಮ್ಮ ಕರಾವಳಿಯ ತೆಂಕಣ ಭಾಗಕ್ಕೆ ಹೋದರೆ, ಅಳಿಯಸಂತಾನದ ಬಂಟರಲ್ಲಿ ಮಗುವಿನ ‘ಬಳಿ’ ತಾಯಿಯಿಂದಲೇ ಬರುತ್ತದೆ. ಗಂಡಿನ ಸಾಲೊಂದೇ ವಂಶವೆಂಬುದು ಸೃಷ್ಟಿನಿಯಮವಲ್ಲ, ನಾವು ರೂಢಿಸಿಕೊಂಡದ್ದು.

ಎರಡನೆಯದು: ‘ಎಲ್ಲರನ್ನೂ ಸೇರಿಸಿದರೆ ಪುಸ್ತಕ ದಪ್ಪವಾಗುತ್ತದೆ, ಮುದ್ರಣದ ಖರ್ಚು ಹೆಚ್ಚುತ್ತದೆ.’ ದೇಣಿಗೆದಾರರ ಬಣ್ಣದ ಭಾವಚಿತ್ರಗಳಿಗೆ, ಶುಭಾಶಯದ ಜಾಹೀರಾತುಗಳಿಗೆ ಪುಟ ಸಿಗುತ್ತದೆ. ಮನೆಯಲ್ಲಿ ಹುಟ್ಟಿದ ಮಗಳಿಗೆ ಒಂದು ಸಾಲು ಸಿಗದೆ?

ಮೂರನೆಯದನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ, ಊಟದ ಪಂಕ್ತಿಯಲ್ಲಿ ಪಿಸುಗುಡುತ್ತಾರೆ: ‘ಹೆಸರು ಬರೆದರೆ ನಾಳೆ ಪಾಲು ಕೇಳುತ್ತಾರೆ.’ ನಿಜವಾದ ಗಂಟು ಇರುವುದು ಇಲ್ಲಿಯೇ. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಅಂತರವನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ 2005ರಲ್ಲಿ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಪುಸ್ತಕದಲ್ಲಿ ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗದು. ಆದರೆ ಮನೆಯವರ ಕಣ್ಣಿಗೆ ಹೆಣ್ಣಿಲ್ಲದ ವಂಶವೃಕ್ಷ ರೂಢಿಯಾದರೆ, ಪೌತಿ ಖಾತೆಗೆಂದು ಕಚೇರಿಗೆ ಕೊಡುವ ವಂಶವೃಕ್ಷದಲ್ಲೂ ಕೈ ಹಾಗೆಯೇ ಬರೆಯುತ್ತದೆ. ಅದು ಮರೆವಲ್ಲ, ಸುಳ್ಳು ಪ್ರಮಾಣ. ಅಕ್ಕ–ತಂಗಿಯರು ಹತ್ತಾರು ವರ್ಷಗಳ ನಂತರ ನ್ಯಾಯಾಲಯದ ಮೆಟ್ಟಿಲೇರುವುದಕ್ಕೆ ಬೀಜ ಅಲ್ಲಿಯೇ ಬೀಳುತ್ತದೆ.

ಬಿಟ್ಟುಹೋದವರು ಹೆಣ್ಣುಮಕ್ಕಳಷ್ಟೇ ಅಲ್ಲ. ಬೇರೆ ಜಾತಿಯಲ್ಲಿ ಮದುವೆಯಾದವರು, ಮರುಮದುವೆಯಾದ ವಿಧವೆಯರು, ದತ್ತು ಬಂದವರು, ಗೋವೆಯಲ್ಲೇ ಉಳಿದು ಮತಾಂತರಗೊಂಡ ದಾಯಾದಿಗಳು — ಇವರ ಕೊಂಬೆಗಳನ್ನು ಕತ್ತರಿಸಿ ‘ಶುದ್ಧ ವಂಶ’ವೆಂದು ಬೀಗುತ್ತೇವೆ. ಭೈರಪ್ಪನವರ ‘ವಂಶವೃಕ್ಷ’ ಪ್ರಕಟವಾದದ್ದು 1965ರಲ್ಲಿ. ಕುಲದ ಪಾವಿತ್ರ್ಯವನ್ನೇ ನಂಬಿ ಬಾಳಿದ ಶ್ರೋತ್ರಿಗಳು ಮುಪ್ಪಿನಲ್ಲಿ ತಮ್ಮ ಹುಟ್ಟಿನ ಗುಟ್ಟನ್ನು ಎದುರಿಸುವ ಕಥೆಯದು. ಅದನ್ನು ಓದಿ ಮೆಚ್ಚಿದವರೇ ಸಂಘದ ಸಭೆಗೆ ಬಂದೊಡನೆ ಎಲ್ಲವನ್ನೂ ಮರೆಯುತ್ತಾರೆ.

ಇನ್ನೊಂದು ಮಾತು. ನಮ್ಮ ಪುಸ್ತಕಗಳಲ್ಲಿ ‘ಸ್ವಾತಂತ್ರ್ಯ ಯೋಧರು’ ಎಂಬ ಪುಟವಿರುತ್ತದೆ, ಇರಲೇಬೇಕು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯದೆ ಮುರಿದ ಊರು ಅಂಕೋಲೆ. 1932ರ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಜಮೀನು ಕಳೆದುಕೊಂಡರು. ಗಂಡಸರು ಜೈಲಿನಲ್ಲಿದ್ದಾಗ ಮಕ್ಕಳಿಗೆ ಗಂಜಿ ಕಾಯಿಸಿ, ಮನೆ ಹಿಡಿದು ನಿಲ್ಲಿಸಿದವರು ಯಾರು? ಆ ಪುಟದಲ್ಲಿ ಅವರ ಹೆಸರು ಹುಡುಕಿದರೆ ‘ಧರ್ಮಪತ್ನಿ’ ಎಂಬ ಒಂದೇ ಪದ ಸಿಗುತ್ತದೆ.

‘ನದೀಮೂಲ, ಋಷಿಮೂಲ, ಸ್ತ್ರೀಮೂಲ ಕೇಳಬಾರದು’ ಎಂದು ಗಾದೆಯಿದೆ. ಮೂಲವನ್ನು ಕೇಳಲೆಂದೇ ಸಂಘ ಕಟ್ಟಿದ ಮೇಲೆ ಗಾದೆಯ ಮರೆಯಲ್ಲಿ ಅಡಗುವಂತಿಲ್ಲ. ಆದ್ದರಿಂದ ಎಲ್ಲ ಕುಟುಂಬ ಸಂಘಗಳಲ್ಲಿ ನನ್ನ ಬೇಡಿಕೆಗಳು ಇಷ್ಟೇ: ಹುಟ್ಟಿದ ಪ್ರತಿ ಮಗುವಿನ ಹೆಸರು ಬರಲಿ, ಗಂಡಾಗಲಿ ಹೆಣ್ಣಾಗಲಿ. ಸೊಸೆಯ ತವರಿನ ಹೆಸರು, ಅವಳ ತಂದೆ–ತಾಯಿಯರ ಹೆಸರು, ಊರು ಜೊತೆಗಿರಲಿ. ಮಗಳ ಮಕ್ಕಳ ಕೊಂಬೆಯೂ ಒಂದು ತಲೆಮಾರಿನ ಮಟ್ಟಿಗಾದರೂ ಬೆಳೆಯಲಿ. ಮದುವೆಯಾದ ಹೆಣ್ಣುಮಕ್ಕಳಿಗೆ ಸದಸ್ಯತ್ವವೂ ಮತವೂ ಸಿಗಲಿ. ವಂತಿಗೆ ಕೇಳುವಾಗ ನೆನಪಾಗುವವರು ಮತದಾನದ ಹೊತ್ತಿಗೆ ಮರೆತುಹೋಗದಿರಲಿ.

ಇದಕ್ಕೆ ಹೊಸ ನಿಧಿ ಬೇಕಿಲ್ಲ, ಆದರೆ ಹೊತ್ತು ಕಡಿಮೆಯಿದೆ. ಅಜ್ಜಿಯರ ತವರು ಯಾವುದು, ಅವರ ಹುಟ್ಟುಹೆಸರು ಯಾವುದು ಎಂಬುದು ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ ಉಳಿದಿದೆ. ಮುಂದಿನ ಸಮ್ಮೇಳನದಲ್ಲಿ ಅವರಿಗೆ ಶಾಲು ಹೊದಿಸಿ ಕಳುಹಿಸಬೇಡಿ. ಒಂದು ನೋಟುಬುಕ್ಕು ಹಿಡಿದು ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಿ. ಮರುವರ್ಷ ಅವರು ಇರುತ್ತಾರೆಂಬ ಭರವಸೆ ಯಾರಿಗೂ ಇಲ್ಲ.