ಮಳೆ, ಮಣ್ಣು, ಮಣಿಕಟ್ಟು

ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿದಾಗ ಗಟ್ಟಿ ವಾಚಿನ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ. ಕೆಟ್ಟರೆ ಪೇಟೆಯ ರಿಪೇರಿಯವನು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಮತ್ತೆ ಓಡಿಸುವಂತಿದ್ದರೆ ಅದೇ ಗಟ್ಟಿ ವಾಚು. ಇಂದು ಕುಮಾರಪರ್ವತಕ್ಕೆ ಹೊರಟ ಹುಡುಗಿಯೊಬ್ಬಳು ಅಂಗಡಿಗೆ ಕಾಲಿಟ್ಟರೆ ಎದುರಾಗುವುದು ಅಂಕಿಗಳ ಸಂತೆ: 50 ಮೀಟರ್, 20 ಬಾರ್, ಅಮೆರಿಕದ ಸೇನೆಯ ಮಾನದಂಡ, ಸಫೈರ್ ಗಾಜು, ಇಷ್ಟು ದಿನ ಬ್ಯಾಟರಿ. ಆರು ದಶಕಗಳಲ್ಲಿ ವಾಚು ಗಟ್ಟಿಯಾಗಿರುವುದಂತೂ ನಿಜ. ಆದರೆ ಆ ಗಟ್ಟಿತನ ರಿಪೇರಿಯವನ ಮೇಜಿನಿಂದ ಕಾರ್ಖಾನೆಯ ಗೋಡೆಯೊಳಕ್ಕೆ ಸೇರಿಕೊಂಡಿದೆ. ಕೊಳ್ಳುವವರ ಇವತ್ತಿನ ಗೊಂದಲಕ್ಕೆಲ್ಲ ಇದೇ ಮೂಲ ಎಂಬುದು ನಮ್ಮ ಅಭಿಪ್ರಾಯ.

ಎಚ್‌ಎಂಟಿ ಜನತಾವನ್ನೇ ನೋಡಿ. ದಿನಕ್ಕೊಮ್ಮೆ ಕೀ ಕೊಡಬೇಕು. ಒಳಗೆ 17 ಜ್ಯುವೆಲ್, ಗಂಟೆಗೆ 18,000 ಬಡಿತ. ಡಯಲ್ ಮೇಲೆ ‘ಪ್ಯಾರಾ ಶಾಕ್’ ಎಂದು ಅಚ್ಚಾಗಿರುತ್ತಿತ್ತು. ಅದು ಬರೀ ಅಲಂಕಾರವಲ್ಲ. ಯಾಂತ್ರಿಕ ವಾಚಿನಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಆಚೀಚೆ ತೂಗುವ ಚಕ್ರದ ಅಚ್ಚು. ಅದರ ತುದಿ ಕೂದಲೆಳೆಯಷ್ಟು ಸಣ್ಣ. ವಾಚು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಮೊದಲು ಮುರಿಯುತ್ತಿದ್ದುದು ಅದೇ. ಆ ತುದಿ ಕೂರುವ ಹರಳನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಇಟ್ಟರೆ ಪೆಟ್ಟು ಬಿದ್ದಾಗ ಹರಳು ಕೊಂಚ ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1930ರ ದಶಕದಲ್ಲಿ ‘ಇನ್‌ಕಾಬ್ಲಾಕ್’ ಹೆಸರಿನಲ್ಲಿ ಬಂದ ಉಪಾಯ ಇದು. ಸಿಟಿಜನ್ ತನ್ನದೇ ರೀತಿಯಲ್ಲಿ ಮಾಡಿಕೊಂಡ ಪ್ಯಾರಾ ಶಾಕ್ ಅಲ್ಲಿಂದ ಬೆಂಗಳೂರಿಗೆ ಬಂತು. ಬಸ್ ಕಂಡಕ್ಟರ್, ಮೇಷ್ಟ್ರು, ತೋಟದ ರೈಟರು ಎಲ್ಲರ ಕೈಗೂ ಸೇರಿತು. ಸೈನ್ಯಕ್ಕೆಂದೇ ‘ಜವಾನ್’ ಮಾಡಿದರು. 24 ಗಂಟೆಯ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು. ನಮ್ಮ ದೇಶದಲ್ಲಿ ಬಯಲಿಗೆಂದೇ ಹುಟ್ಟಿದ ವಾಚೊಂದನ್ನು ಹೆಸರಿಸಬೇಕಾದರೆ ಜವಾನ್ ಎನ್ನುವುದೇ ಸರಿ.

ಈ ವಾಚುಗಳ ದೌರ್ಬಲ್ಯ ನೀರು. ನಾಟಿ ಗದ್ದೆಯಲ್ಲಿ, ಮಲೆನಾಡಿನ ಆಷಾಢದಲ್ಲಿ ಡಯಲ್ಲಿನೊಳಗೆ ಮಂಜು ಕಟ್ಟುವುದು ಸಾಮಾನ್ಯವಾಗಿತ್ತು. ಬಿಚ್ಚಿ ಬಿಸಿಲಿಗಿಟ್ಟರೆ ಸರಿಹೋಗುತ್ತಿತ್ತು, ಇಲ್ಲವೆಂದರೆ ತುಕ್ಕು. ಗಾಜು ಎನ್ನುತ್ತಿದ್ದುದು ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಗೀರು ಬೇಗ ಬೀಳುತ್ತಿತ್ತು, ಆದರೆ ಒಡೆಯುತ್ತಿರಲಿಲ್ಲ. ಗೀರನ್ನು ಉಜ್ಜಿ ತೆಗೆಯಬಹುದಿತ್ತು, ಅದೂ ಸಾಲದಾದರೆ ಗಾಜನ್ನೇ ಬದಲಿಸುವ ಖರ್ಚು ಪುಡಿಗಾಸು.

ನೀರಿನ ಸಮಸ್ಯೆಗೆ ಉತ್ತರ ಇದಕ್ಕೂ ಮೊದಲೇ ಸಿಕ್ಕಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಜೇಬಿನ ಗಡಿಯಾರ ಬಿಟ್ಟು ಕೈಗೆ ಕಟ್ಟಿಕೊಂಡ ಮೇಲೆ ಧೂಳು, ನೀರು ಒಳಹೋಗದಂತೆ ತಡೆಯುವುದೇ ತಯಾರಕರ ಚಿಂತೆಯಾಯಿತು. 1926ರಲ್ಲಿ ರೋಲೆಕ್ಸ್ ಕಂಪನಿ ಮುಚ್ಚಳವನ್ನೂ ಕೀಯನ್ನೂ ತಿರುಪಿನಿಂದ ಬಿಗಿಯುವ ‘ಆಯ್ಸ್ಟರ್’ ತಂದಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಇಂಗ್ಲಿಷ್ ಈಜುಗಾರ್ತಿ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಹತ್ತು ಗಂಟೆಗೂ ಮಿಕ್ಕಿ ಕೊರೆಯುವ ನೀರಿನಲ್ಲಿದ್ದು, ದಡ ಮುಟ್ಟಲಾಗದೆ ಆ ಈಜನ್ನು ಅರ್ಧಕ್ಕೇ ಬಿಡಬೇಕಾಯಿತು. ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಕಂಪನಿ ಪತ್ರಿಕೆಯ ಮುಖಪುಟದಲ್ಲೇ ಜಾಹೀರಾತು ಹಾಕಿಸಿತು. ಮನುಷ್ಯರು ಸೋತಲ್ಲಿ ವಾಚು ಗೆದ್ದಿತೆಂದು ಹೇಳಿ ಮಾರುವ ಚಾಳಿ ಅಲ್ಲಿಂದ ಶುರುವಾಗಿ ಇವತ್ತಿಗೂ ನಿಂತಿಲ್ಲ.

ಆದರೂ ದೊಡ್ಡ ತಿರುವು ಬಂದದ್ದು ಕ್ವಾರ್ಟ್ಜ್‌ನಿಂದ. 1969ರ ಡಿಸೆಂಬರಿನಲ್ಲಿ ಸೀಕೊ ಕಂಪನಿ ‘ಆಸ್ಟ್ರಾನ್’ ಬಿಡುಗಡೆ ಮಾಡಿತು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ಮುಂದೆ ಎಲ್ಲರ ವಾಚಿಗೂ ಬಂತು. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಹೋಗುತ್ತಿದ್ದ ವಾಚಿನ ಜಾಗದಲ್ಲಿ ತಿಂಗಳಿಗೆ ಹದಿನೈದು ಸೆಕೆಂಡೂ ತಪ್ಪದ ವಾಚು ನಿಂತಿತು. ತೂಗುವ ಚಕ್ರವೇ ಇಲ್ಲದ ಮೇಲೆ ಅದರ ಅಚ್ಚು ಮುರಿಯುವ ಭಯವೂ ಹೋಯಿತು.

ಅಷ್ಟಕ್ಕೇ ತೃಪ್ತರಾಗದವರು ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ. ತಂದೆ ಕೊಟ್ಟ ವಾಚು ಬಿದ್ದು ಒಡೆದದ್ದು ಅವರ ಹುಡುಕಾಟಕ್ಕೆ ನೆಪ. 1981ರಲ್ಲಿ ಕೆಲಸ ಶುರುವಾಯಿತು. ಕಚೇರಿಯ ಮೂರನೆಯ ಮಹಡಿಯ ಶೌಚಾಲಯದ ಕಿಟಕಿಯಿಂದ ಒಂದಾದ ಮೇಲೊಂದು ಮಾದರಿಯನ್ನು ಕೆಳಕ್ಕೆ ಬಿಡುವುದು, ಇಳಿದು ಹೋಗಿ ಚೂರುಗಳನ್ನು ಆರಿಸುವುದು. ಸುಮಾರು ಇನ್ನೂರು ಮಾದರಿಗಳು ಹೀಗೆ ಹೋದವು. ಹೊರಗೆ ರಬ್ಬರು ಸುತ್ತಿದರೆ ಒಳಗಿನ ಯಾವುದಾದರೂ ಒಂದು ಭಾಗ ಕೈಕೊಡುತ್ತಿತ್ತು. ಅದನ್ನು ಬಲಪಡಿಸಿದರೆ ಮತ್ತೊಂದು. ಕೊನೆಗೆ ಪಾರ್ಕಿನಲ್ಲಿ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತಿದ್ದುದನ್ನು ನೋಡುತ್ತಿದ್ದಾಗ ದಾರಿ ಹೊಳೆಯಿತಂತೆ: ಚೆಂಡಿನ ನಡುವೆ ಯಂತ್ರ ತೇಲುತ್ತಿದ್ದರೆ ಪೆಟ್ಟು ಅದನ್ನು ತಲುಪುವುದೇ ಇಲ್ಲ. 1983ರ ಏಪ್ರಿಲ್‌ನಲ್ಲಿ ಮೊದಲ ಜಿ-ಶಾಕ್ ಬಂತು. ಗುರಿ ಮೂರು ಹತ್ತುಗಳು: ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, ಹತ್ತು ಬಾರ್ ನೀರಿನ ಒತ್ತಡ ತಾಳಬೇಕು, ಬ್ಯಾಟರಿ ಹತ್ತು ವರ್ಷ ಬರಬೇಕು. ತೆಳು ವಾಚೇ ಸೊಗಸು ಎನ್ನುತ್ತಿದ್ದ ಆ ಕಾಲದ ಜಪಾನಿನಲ್ಲಿ ಇದನ್ನು ಕೇಳುವವರು ಕಡಿಮೆ. ಅಮೆರಿಕದ ಜಾಹೀರಾತೊಂದರಲ್ಲಿ ಐಸ್ ಹಾಕಿ ಆಟಗಾರ ಆಟದ ಬಿಲ್ಲೆಯ (ಪಕ್) ಬದಲು ಇದನ್ನೇ ಕೋಲಿನಿಂದ ಬಾರಿಸಿದ. ಜನ ನಂಬಲಿಲ್ಲ. ಟಿವಿಯವರು ಪರೀಕ್ಷೆ ಮಾಡಿ ನೋಡಿದರು, ವಾಚು ನಡೆಯಿತು. ಅಲ್ಲಿಂದಾಚೆ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಸೈನಿಕರು ಹುಡುಕಿಕೊಂಡು ಬಂದರು.

ಬಯಲಿನ ವಾಚಿನ ಚರಿತ್ರೆಯಲ್ಲಿ ನಮ್ಮ ಪೂರ್ತಿ ಮೆಚ್ಚುಗೆ ಸಲ್ಲುವುದು ಈ ಘಟ್ಟಕ್ಕೇ. ಆದರೆ ಜಿ-ಶಾಕ್‌ಗೂ ಒಂದು ಕೊರತೆಯುಂಟು, ಅದನ್ನು ಹೊಗಳುವವರು ಹೇಳುವುದಿಲ್ಲ. ಅದರ ರಾಳದ ಕವಚ, ಬೆಲ್ಟು ಕಾಲ ಕಳೆದಂತೆ ಗಾಳಿಯ ತೇವ ಕುಡಿದು, ಬೆವರಿಗೆ ಬಲಿಯಾಗಿ ಒಳಗಿನಿಂದಲೇ ಪುಡಿಯಾಗುತ್ತವೆ. ಕರಾವಳಿಯ ಸೆಖೆಯಲ್ಲಿ ಇದು ಇನ್ನೂ ಬೇಗ. ಯಂತ್ರ ಚೆನ್ನಾಗಿ ನಡೆಯುತ್ತಲೇ ಇರುತ್ತದೆ, ಅದನ್ನು ಕೈಗೆ ಹಿಡಿದಿಡಲು ಏನೂ ಉಳಿದಿರುವುದಿಲ್ಲ. ಜನಪ್ರಿಯ ಚೌಕ ಮಾದರಿಗಳಿಗೆ ಕವಚ, ಬೆಲ್ಟು ಬಿಡಿಯಾಗಿ ಸಿಗುತ್ತವೆ. ಅಪರೂಪದ ಮಾದರಿ ಕೊಂಡವರು ಕೆಲವೇ ವರ್ಷಗಳಲ್ಲಿ ಅನಾಥರು.

ಇನ್ನು ಅಂಕಿಗಳ ಸಂತೆಗೆ ಬರೋಣ. 30 ಮೀಟರ್ ಎಂದು ಬರೆದ ವಾಚು ಕಟ್ಟಿಕೊಂಡು ಮೂವತ್ತು ಮೀಟರ್ ಆಳಕ್ಕೆ ಹೋಗಬಹುದೆಂದು ಇಂದಿಗೂ ನಂಬುವವರಿದ್ದಾರೆ. ಅದು ಪ್ರಯೋಗಾಲಯದಲ್ಲಿ, ಕದಲದ ನೀರಿನಲ್ಲಿ ಹೊಸ ವಾಚು ತಾಳಿದ ಒತ್ತಡ, ಅಷ್ಟೇ. ವ್ಯವಹಾರದಲ್ಲಿ 30 ಮೀಟರ್ ಎಂದರೆ ಕೈತೊಳೆದರೆ, ಮಳೆಯ ಹನಿ ಬಿದ್ದರೆ ಪರವಾಗಿಲ್ಲ ಎಂದು. ಕೆರೆಯಲ್ಲಿ ಈಜುವವರಿಗೆ 100 ಮೀಟರ್ ಬೇಕು. ದಿನವೂ ಉಪ್ಪುನೀರಿಗಿಳಿಯುವ ಮಲ್ಪೆಯ ಮೀನುಗಾರರಿಗೆ 200. ಮುಳುಗುಗಾರರ ವಾಚಿಗೆ ಐಎಸ್‌ಒ 6425 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಪ್ರಕಾರ ಪ್ರತಿಯೊಂದು ವಾಚನ್ನೂ, ಬರೆದ ಒತ್ತಡಕ್ಕಿಂತ ಕಾಲು ಭಾಗ ಹೆಚ್ಚಿಗೆ ಕೊಟ್ಟು ಪರೀಕ್ಷಿಸಬೇಕು. ಸಾಮಾನ್ಯ ವಾಚಿನ ಮಾನದಂಡದಲ್ಲಿ ಗುಂಪಿನಿಂದ ಒಂದಷ್ಟನ್ನು ತೆಗೆದು ನೋಡಿದರೂ ಸಾಕು. ಪೆಟ್ಟಿನ ಪರೀಕ್ಷೆಯೂ ಹಾಗೆಯೇ. ಐಎಸ್‌ಒ 1413 ಕೇಳುವುದು ಗಟ್ಟಿ ಮರದ ಹಲಗೆಯ ಮೇಲೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ಸೊಂಟದೆತ್ತರದಿಂದ ಜಾರಿದ್ದಕ್ಕೆ ಸಮ. ಡಬ್ಬಿಯ ಮೇಲೆ ಅಮೆರಿಕದ ಸೇನೆಯ ಮಾನದಂಡದ ಹೆಸರು ಕಂಡಾಗ ಕೇಳಬೇಕಾದದ್ದು ಅದರಲ್ಲಿರುವ ಹತ್ತಾರು ಪರೀಕ್ಷೆಗಳಲ್ಲಿ ಯಾವುದನ್ನು ಮಾಡಿದ್ದೀರಿ ಎಂದು. ಹೇಳುವವರು ವಿರಳ.

ಗಾಜಿನ ಲೆಕ್ಕ ಇದಕ್ಕಿಂತ ಸುಲಭ. ಬಯಲುಸೀಮೆಯ ಧೂಳಿನಲ್ಲಿ, ಹೊಳೆಯ ಮರಳಿನಲ್ಲಿ ಇರುವುದು ಕ್ವಾರ್ಟ್ಜ್ ಕಣ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ವಾಚಿನ ಸಾಮಾನ್ಯ ಗಾಜು ಅದಕ್ಕಿಂತ ಮೆದು, ಹಾಗಾಗಿ ಅಂಗಿಯ ತೋಳಿನಿಂದ ಧೂಳು ಒರೆಸಿದರೂ ಗೀರು. ಸಫೈರ್ 9ರಲ್ಲಿದೆ, ಮರಳಿಗೆ ಜಗ್ಗುವುದಿಲ್ಲ. ಆದರೆ ಬಂಡೆಗೆ ಓರೆಯಾಗಿ ತಗುಲಿದರೆ ಅಂಚು ಚಕ್ಕೆ ಏಳುತ್ತದೆ. ಗಾಜಿನ ಬಗೆಗಿಂತ ಗಾಜಿನ ಸುತ್ತ ಏರಿದ ಅಂಚು ಇದೆಯೇ ಎಂದು ನೋಡುವುದು ಜಾಣತನ. ಚಪ್ಪಟೆಯಾಗಿ ಬಿದ್ದಾಗ ನೆಲ ಮುಟ್ಟುವುದು ಅಂಚು, ಗಾಜಲ್ಲ.

ಬೆಟ್ಟ ಹತ್ತುವವರಿಗೆ ಸಮಯದ ಜೊತೆ ಎತ್ತರವನ್ನೂ ಹೇಳುವ ವಾಚು 1962ರಲ್ಲೇ ಇತ್ತು. ಸ್ವಿಸ್ ಕಂಪನಿ ಫಾವ್ರೆ-ಲೂಬಾ ‘ಬಿವೊವಾಕ್’ ಮಾದರಿಯೊಳಗೆ ಗಾಳಿಯ ಒತ್ತಡ ಅಳೆಯುವ ಯಂತ್ರವನ್ನೇ ಕೂರಿಸಿತ್ತು. ಹತ್ತೊಂಬತ್ತನೇ ಶತಮಾನದಿಂದಲೂ ಬೊಂಬಾಯಿಯಲ್ಲಿ ವ್ಯಾಪಾರ ಮಾಡಿದ್ದ ಆ ಹೆಸರು 2011ರಲ್ಲಿ ನಮ್ಮ ಟೈಟನ್‌ನ ಕೈಗೇ ಬಂತು, ಒಂದು ದಶಕದ ಬಳಿಕ ಕೈದಾಟಿತು. 1998ರಲ್ಲಿ ಫಿನ್‌ಲೆಂಡಿನ ಸೂಂಟೊ ‘ವೆಕ್ಟರ್’ ಮೂಲಕ ಎತ್ತರ, ಒತ್ತಡ, ದಿಕ್ಕು ಮೂರನ್ನೂ ಒಂದೇ ವಾಚಿಗೆ ತಂದಿತು. ಮುಂದೆ ಗಾರ್ಮಿನ್‌ನಂಥವರು ಉಪಗ್ರಹವನ್ನೇ ಮಣಿಕಟ್ಟಿಗೆ ಇಳಿಸಿದರು. ಚಾರಣದಲ್ಲಿ ಮಂಜು ಮುಸುಕಿ ದಾರಿ ತಪ್ಪಿದವರಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುವ ಗೆರೆ ಎಷ್ಟು ದೊಡ್ಡ ಉಪಕಾರ ಎಂದು ವಿವರಿಸಬೇಕಿಲ್ಲ. ಒತ್ತಡದಿಂದ ಎತ್ತರ ಲೆಕ್ಕ ಹಾಕುವ ವಾಚುಗಳ ಒಂದು ಗುಣವನ್ನು ಮಾತ್ರ ನೆನಪಿಡಬೇಕು: ಸಮುದ್ರಮಟ್ಟದ ಆಸುಪಾಸಿನಲ್ಲಿ ಎಂಟು ಮೀಟರ್ ಏರಿದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ರಾತ್ರಿ ಮಳೆಯ ಮೋಡ ಕವಿದು ಒತ್ತಡ ತಾನೇ ಇಳಿದರೆ, ಗುಡಾರದಲ್ಲಿ ಮಲಗಿದವನು ಬೆಳಗ್ಗೆ ಏಳುವಷ್ಟರಲ್ಲಿ ವಾಚಿನ ಪ್ರಕಾರ ನಲವತ್ತು ಮೀಟರ್ ಬೆಟ್ಟ ಹತ್ತಿರುತ್ತಾನೆ! ಅನುಭವಿಗಳು ಇದನ್ನೇ ಮಳೆಯ ಮುನ್ಸೂಚನೆಯಾಗಿ ಓದುತ್ತಾರೆ.

ಆದರೆ ಈ ಜಾತಿಯ ವಾಚಿಗೆ ಚಾರ್ಜರ್ ಬೇಕು. ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸಲು ಪೇಟೆಯಲ್ಲಿ ಯಾರೂ ಇಲ್ಲ. ಇದನ್ನು ಚಾರಣದ ಉಪಕರಣವೆಂದು ಕೊಳ್ಳುವುದಕ್ಕೆ ನಮ್ಮ ತಕರಾರಿಲ್ಲ. ಬಾಳಿಕೆಯ ವಾಚೆಂದು ಕೊಳ್ಳಬೇಡಿ.

ನಮ್ಮ ಕಡೆಯ ತಯಾರಕರು ಈ ಅವಧಿಯಲ್ಲಿ ಏನು ಮಾಡಿದರು? ಎಚ್‌ಎಂಟಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು, ಕ್ವಾರ್ಟ್ಜ್ ಕೂಡ ಮಾಡಿತು, ಆದರೆ ಮನಸ್ಸು ಕೀ ಕೊಡುವ ವಾಚಿನಲ್ಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟನ್ ಹೊಸೂರಿನಲ್ಲಿ ಕ್ವಾರ್ಟ್ಜ್ ಮಾಡಿ, ವಾಚನ್ನು ಉಡುಗೊರೆಯ ಒಡವೆಯಾಗಿಸಿ ಗೆದ್ದಿತು. ಅದರ ಹೆಮ್ಮೆಯ ‘ಎಡ್ಜ್’ ತೆಳ್ಳಗಿರುವುದಕ್ಕೇ ಹೆಸರಾದದ್ದು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಸೊನಾಟಾದ ‘ಸೂಪರ್ ಫೈಬರ್’ನಂಥ ಅಗ್ಗದ ಪ್ಲಾಸ್ಟಿಕ್ ವಾಚುಗಳು ಬಂದಿಲ್ಲವೆಂದಲ್ಲ. ಆದರೂ ಮದುವೆಮನೆಗೆ ವಾಚು ಮಾಡಿದಷ್ಟು ಶ್ರದ್ಧೆಯಿಂದ ಗದ್ದೆಗೆ, ಲೈನ್‌ಮನ್ ಕೈಗೆ, ಅರಣ್ಯ ರಕ್ಷಕರ ಕೈಗೆ ಯಾರೂ ಮಾಡಲಿಲ್ಲ. ಆ ಜಾಗವನ್ನು ತುಂಬಿದ್ದು ಕ್ಯಾಸಿಯೊ ಮತ್ತು ಫುಟ್‌ಪಾತಿನ ನಕಲಿ ಜಿ-ಶಾಕ್.

ಹಾಗಿದ್ದರೆ ಇವತ್ತು ಏನು ಕೊಳ್ಳಬೇಕು? ಬಿಸಿಲಲ್ಲಿ ದುಡಿಯುವವರಿಗೆ ಬೆಳಕಿನಿಂದಲೇ ಚಾರ್ಜ್ ಆಗುವ, 100 ಮೀಟರ್‌ನಿಂದ 200 ಮೀಟರ್‌ನ ಕ್ವಾರ್ಟ್ಜ್ ವಾಚು ನಮ್ಮ ಮೊದಲ ಆಯ್ಕೆ. ಸೆಲ್ ಬದಲಿಸಲು ಮುಚ್ಚಳ ತೆಗೆಯುವ ಪ್ರಮೇಯ ಅಪರೂಪ ಎಂಬುದೇ ದೊಡ್ಡ ಕಾರಣ. ಬೀರುವಿನೊಳಗೆ ತಿಂಗಳುಗಟ್ಟಲೆ ಇಟ್ಟರೆ ಮಾತ್ರ ಅದು ನಿಲ್ಲುತ್ತದೆ. ಹಣ ಕಡಿಮೆಯಿದ್ದರೆ 1989ರಿಂದ ಹೆಚ್ಚೇನೂ ಬದಲಾಗದೆ ಬರುತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯೂ ಸಾಕು. ತೂಕ 21 ಗ್ರಾಂ, ಸೆಲ್ ಏಳು ವರ್ಷ. ಈಜುವಾಗ ಬಿಚ್ಚಿಡಬೇಕು, ಅಷ್ಟೇ. ಚರ್ಮದ ಬೆಲ್ಟು ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬೇಡ. ವಾಚಿನ ಬೆನ್ನಡಿಯಿಂದ ಎರಡೂ ಪಿನ್ನುಗಳ ಕೆಳಗೆ ಹಾದುಹೋಗುವ ನೈಲಾನ್ ಪಟ್ಟಿಯಾದರೆ ಒಂದು ಪಿನ್ನು ಕಳಚಿದರೂ ವಾಚು ಹೊಳೆಗೆ ಬೀಳುವುದಿಲ್ಲ.

ಆನ್‌ಲೈನ್‌ನಲ್ಲಿ ಕಣ್ಣು ಕುಕ್ಕುವ ಬಣ್ಣದ ಡಯಲ್ಲಿನ ‘ಹಳೆಯ ಎಚ್‌ಎಂಟಿ’, ‘ಹಳೆಯ ಸೀಕೊ’ ಕಂಡು ಆಸೆಪಡುವವರು ಬಹಳ. ಅವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ವಾಚಿನ ಭಾಗ ಕೂಡಿಸಿ, ಡಯಲ್ಲಿಗೆ ಹೊಸ ಬಣ್ಣ ಹೊಡೆದವು. ಶೋಕಿಗೆ ಕಟ್ಟಿ, ಬೆಟ್ಟಕ್ಕೆ ಬೇಡ.

ಯಾವ ವಾಚೇ ಇರಲಿ, ನೀರು ತಡೆಯುವುದು ಮುಚ್ಚಳದ ಕೆಳಗಿನ ಒಂದು ರಬ್ಬರ್ ಉಂಗುರ. ರಸ್ತೆಬದಿಯಲ್ಲಿ ಐದು ನಿಮಿಷದಲ್ಲಿ ಸೆಲ್ ಹಾಕಿಸಿದಾಗ ಆ ಉಂಗುರ ಹೊರಳಿದರೆ ಅಥವಾ ಒಣಗಿದ್ದನ್ನೇ ಮತ್ತೆ ಒತ್ತಿ ಮುಚ್ಚಿದರೆ 200 ಮೀಟರ್‌ನ ವಾಚೂ ಮೊದಲ ಮಳೆಗೇ ಮಂಜು ಕಟ್ಟುತ್ತದೆ. ಉಂಗುರ ಬದಲಿಸಿ, ಸಿಲಿಕೋನ್ ಗ್ರೀಸು ಸವರಿ, ಒತ್ತಡದ ಯಂತ್ರದಲ್ಲಿ ಪರೀಕ್ಷಿಸಿ ಕೊಡಿ ಎಂದು ಕೇಳಿ ಮಾಡಿಸಿಕೊಳ್ಳಬೇಕು. ಆ ಯಂತ್ರ ಇರುವುದು ದೊಡ್ಡ ಊರುಗಳ ಸರ್ವಿಸ್ ಸೆಂಟರುಗಳಲ್ಲಿ. ಚಿಕ್ಕಮಗಳೂರಿನ ತೋಟದವರು, ಕಾರವಾರದ ದೋಣಿಯವರು ಅದಕ್ಕಾಗಿ ಬೆಂಗಳೂರಿಗೆ ವಾಚು ಕಳಿಸಿ ವಾರಗಟ್ಟಲೆ ಕಾಯಬೇಕೇ? ಜಿಲ್ಲಾ ಕೇಂದ್ರಕ್ಕೊಂದು ಒತ್ತಡದ ಯಂತ್ರ, ಮಾರಾಟ ನಿಂತ ಮೇಲೂ ಹತ್ತು ವರ್ಷ ಕವಚ, ಬೆಲ್ಟು, ಉಂಗುರ ಸಿಗುತ್ತದೆಂಬ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕುವುದು: ವಾಚಿನ ಕಂಪನಿಗಳ ಮುಂದೆ ನಾವಿಡುವ ಬೇಡಿಕೆ ಇವೆರಡು.